ಹದಿನೇಳು ಡಿಗ್ರಿ

ಬೇವಿನ ಮರಕ್ಕೆ ಮೊಳೆ ಹೊಡೆದು ತೂಗಿದ
ಥರ್ಮಾಮೀಟರಿನ ಪಾದರಸ
ಇವತ್ತು ಬೆಳಗಿನ ಜಾವ ಹದಿನೇಳಕ್ಕಿಳಿಯಿತು.
ಟಾರ್ಚು ಬಿಟ್ಟು ಎರಡು ಸಲ ನೋಡಿದೆ.
ಸಾಕು. ಇನ್ನು ಶುರು.

ಪಟಾಕಿ ಸದ್ದಡಗಿ ಒಂಬತ್ತು ದಿನ,
ಬೂದ ಈಗಷ್ಟೇ ಮಂಚದಡಿಯಿಂದ ಹೊರಬಿದ್ದಿದ್ದಾನೆ.
ಸಂತೆಯ ಅವರೆಕಾಯಿ ಇನ್ನೂ ಎಳಸು, ಸೊಗಡು ಹಿಡಿದಿಲ್ಲ.
ನಾಯಿಗಳಿಗೆ ಮಾತ್ರ ಗೊತ್ತಾಗಿಬಿಟ್ಟಿದೆ.
ಅಟ್ಟದಿಂದ ಪಟ್ಟಿಗಳ ಗಂಟು ಇಳಿಸುತ್ತಿದ್ದ ಹಾಗೇ
ಐದು ಬಾಲ ನೆಲ ಗುಡಿಸಿದವು.

ಗಣಿಯ ಹಳೇ ಬೆಲ್ಟು ಸೀಳಿ
ಸವರಿಮುತ್ತು ಹೊಲಿದುಕೊಟ್ಟ ಪಟ್ಟಿಗಳು,
ಎದೆಗೆ ತಾಗುವಲ್ಲಿ ಒಳಗೆ ನನ್ನ ಮಿಲಿಟರಿ ಕಂಬಳಿ.
ಒಂದನ್ನು ಇಲಿ ಕಡಿದಿದೆ, ಉಳಿದವು ಮರದಂತೆ ಬಿರುಸು.
ಹೊಂಗೆ ಎಣ್ಣೆ ಸವರಿ, ಬಗ್ಗಿಸಿ, ಮತ್ತೆ ಸವರಿ
ಅಂಗೈಯೆಲ್ಲ ಕಹಿ.

ಆಮೇಲೆ ಪಾದ.
ಚೌಡಿ ಕೇಳುವ ಮೊದಲೇ ಚಾಚುತ್ತಾಳೆ.
ಜಿಂಕೆ ಕಚ್ಚುವ ಹಾಗೆ ಮಾಡಿ ನೆಕ್ಕುತ್ತಾಳೆ.
ಉಗುರಿನ ಬುಡ, ಬೆರಳ ಸಂದಿ,
ಅಲ್ಲೊಂದು ನೆಗ್ಗಿಲು ಮುಳ್ಳು, ಇಲ್ಲೊಂದು ಉಣ್ಣೆ.
ಹಿಮಕ್ಕೆ ಎರಡು ಬೆರಳು ಕೊಟ್ಟು ಬಂದವನು ನಾನು,
ಯಾರ ಕಾಲು ಕಂಡರೂ
ಮೊದಲು ಎಣಿಸುತ್ತೇನೆ.

ನಗೀನ ಬಂದಳು, ತಲೆಗೆ ಉಲ್ಲನ್ ಟೋಪಿ,
ಅಪ್ಪನ ಗುಜರಿ ಅಂಗಡಿಯ ತಕ್ಕಡಿ,
ಗೆರೆ ಎಳೆದ ನೋಟು ಪುಸ್ತಕ.
ಹೆಸರು, ತೂಕ, ಕೆಲಸ: ಮೂರು ಕಾಲಂ.
ಬೂದ ಇಪ್ಪತ್ತಾರು. ‘ಅಯ್ಯೋ ಮಾಮಾ, ನಾಲ್ಕು ಜಾಸ್ತಿ!’
ಬೇಸಿಗೆಯೆಲ್ಲ ಛತ್ರದ ಹಿಂದಿನ ಬಿರಿಯಾನಿ ಎಲೆ.
ನಾಳೆಯಿಂದ ನಿನಗೆ ಅರ್ಧ ಮುದ್ದೆ, ಎರಡು ಕೋಳಿ ತಲೆ
ಎಂದರೆ ಮುಖ ತಿರುಗಿಸುತ್ತಾನೆ.

‘ಹಿಮ ಎಲ್ಲಿದೆ ಸಾರ್ ನಮ್ಮ ಕೆಜಿಎಫ್‌ನಲ್ಲಿ?’
ಟೀ ಅಂಗಡಿಯಲ್ಲಿ ಪ್ರತಿ ವರ್ಷ ಇದೇ ಪ್ರಶ್ನೆ.
ನಾನು ಸಯನೈಡ್ ದಿಬ್ಬದ ಕಡೆ ಕೈ ತೋರಿಸಿ ನಗುತ್ತೇನೆ.
ಬೆಳುದಿಂಗಳಲ್ಲಿ ಅದು ನನ್ನನ್ನೂ ಮೋಸ ಮಾಡಿದ್ದುಂಟು,
ನಿದ್ದೆಗಣ್ಣಲ್ಲಿ ಬೂಟು ಹುಡುಕಿದ್ದುಂಟು.
ನಾಯಿಗಳನ್ನು ಅದರ ಅಂಚಿಗೂ ಬಿಡುವುದಿಲ್ಲ.
ನಮ್ಮ ದಾರಿ ಹಳೇ ಟ್ರಾಲಿ ಹಳಿಯ ಪಕ್ಕದ ಮಣ್ಣು,
ಅಲ್ಲಿಂದ ಟಾರು ರಸ್ತೆಗೆ,
ರೈತರು ರಾಗಿ ತೆನೆ ಹಾಸುವ ಮುಂಚೆ ವಾಪಸು.

ಸ್ಕೂಟರ್ ಚಕ್ರದ ಗಾಡಿ, ಹಿಂದೆ ಎಳೆಯಲು ಟೈರು,
ಭಾರಕ್ಕೆ ಎರಡು ಮರಳು ಚೀಲ.
ಚೌಡಿ ಮುಂದೆ, ಮೊದಲ ವರ್ಷ ಮುಂದೆ.
ಅವಳ ಹಿಂದೆ ಜಿಂಕೆ, ಬೂದ, ಕಾಡಿಗೆ.
ಹೊರಡಲು ತೆಲುಗಿನ ‘ಪದ’,
ಬಲಕ್ಕೆ ಪಲ್ಟನ್ನಿನ ‘ದಾಹಿನೇ’,
ನಿಲ್ಲಲು ಸವರಿಮುತ್ತುವಿನ ‘ನಿಲ್ರಾ’,
ಬೈಗುಳವೆಲ್ಲ ಕನ್ನಡ.

ಹವಾಲ್ದಾರ ಎದೆ ಸೆಟೆಸಿ ಬಂದು ನಿಂತ.
ಹನ್ನೊಂದು ವರ್ಷ, ಎಡಗಣ್ಣಲ್ಲಿ ಪೊರೆ.
ತನ್ನ ಜಾಗದಲ್ಲೇ, ಚೌಡಿಗಿಂತ ಒಂದು ಹೆಜ್ಜೆ ಮುಂದೆ,
ಪಟ್ಟಿ ತೂರಿಸಲು ಕತ್ತು ತಗ್ಗಿಸಿ
ಕಾದ.
ನಾನು ಬಕಲ್ಲು ಸರಿಮಾಡಿದೆ, ಬೇರೆ ಯಾರದ್ದೋ.
ಮತ್ತೆ ಸರಿಮಾಡಿದೆ.
ಅವನು ತಲೆ ಎತ್ತಲೇ ಇಲ್ಲ.

ನಗೀನ ಏನೂ ಅನ್ನಲಿಲ್ಲ.
ಪುಸ್ತಕವನ್ನು ಹಲ್ಲಲ್ಲಿ ಕಚ್ಚಿಕೊಂಡು
ಗಾಡಿಯಿಂದ ಒಂದು ಮರಳು ಚೀಲ
ದರದರ ಎಳೆದು ಕೆಳಗೆ ಕೆಡವಿದಳು.
ಅವನನ್ನು ತಕ್ಕಡಿಗೆ ಹತ್ತಿಸಿದಳು: ಇಪ್ಪತ್ತೊಂದು.
ಇಬ್ಬರೂ ಸೇರಿ ಎತ್ತಿ ಕೂರಿಸಿದೆವು.
ಬರಿ ಮೈಗೆ ಪಟ್ಟಿಯನ್ನೂ ತೊಡಿಸಿದೆ,
ಯಾವ ಹಗ್ಗಕ್ಕೂ ಸೇರದ ಪಟ್ಟಿ.

‘ಪದ’ ಅನ್ನುವುದಕ್ಕೆ ಮೊದಲೇ
ಅವನು ಬೊಗಳಿದ, ಒಂದೇ ಸಲ.
ಗಾಡಿ ಜಗ್ಗಿತು, ನನ್ನ ಚಪ್ಪಲಿ ಕಳಚಿತು,
ಟೈರು ಎಬ್ಬಿಸಿದ ಧೂಳಲ್ಲಿ ಓಡುತ್ತ ನೋಡಿದರೆ
ಪಕ್ಕದಲ್ಲೇ ಓಡುತ್ತ ನಗೀನ ಬರೆಯುತ್ತಿದ್ದಾಳೆ,
ಅಕ್ಷರ ಅಡ್ಡಾದಿಡ್ಡಿ:

ಹವಾಲ್ದಾರ. ಇಪ್ಪತ್ತೊಂದು.
ಕೆಲಸ: ಭಾರ.