ಎರಡನೆಯ ಚೆಂಡಿನ ಜೇಬು

ಬಿಳಿ ಅಂದರೆ ಬಿಳಿಯೇ ಆಗಬೇಕಂತೆ.
ಕೆನೆ ಬಿಳಿ ಆಗದು, ಮುತ್ತಿನ ಬಿಳಿ ಆಗದು,
ಅಂಚಿಗೊಂದು ಬಣ್ಣದ ಎಳೆ ಬಂದರೂ
ಒಂದು ಸೆಂಟಿಮೀಟರು ಮೀರುವಂತಿಲ್ಲ.
ಮೇದಿನಿ ಫೋನು ನೋಡಿ ನಿಯಮ ಓದುತ್ತಿದ್ದಳು,
ನಾನು ಗುಂಡುಪಿನ್ನು ಕಚ್ಚಿಕೊಂಡು
ಹೂಂ ಅನ್ನುತ್ತ ಸೊಂಟಕ್ಕೆ ಟೇಪು ಹಿಡಿದಿದ್ದೆ.

ದುರ್ಗಿಗುಡಿಯ ಈ ಎಂಟಡಿ ಅಂಗಡಿಯಲ್ಲಿ
ನಮ್ಮಪ್ಪ ವಕೀಲರ ಕೋಟು ಹೊಲಿದರು,
ನಾನು ಶಾಲೆಗಳ ಯೂನಿಫಾರಂ.
ಬೇದ್ರೆ ಮನೆಯವಳಿಗೆ ಬಿಳಿ ಎಷ್ಟು ಬಗೆ ಅಂತ ಹೇಳಿಕೊಡಬೇಕೆ?
ನರ್ಸಮ್ಮಂದಿರ ಬಿಳಿ, ಶನಿವಾರದ ಡ್ರಿಲ್ಲಿನ ಬಿಳಿ,
ಅಳತೆಯನ್ನೂ ಕೊಡದೆ, ಚೌಕಾಸಿಯನ್ನೂ ಮಾಡದೆ
ಗಡಿಬಿಡಿಯಲ್ಲಿ ಹರಿಸಿಕೊಂಡು ಹೋಗುವ ಬಿಳಿ.
ಆದರೂ ಗಾಂಧಿ ಬಜಾರಿನ ಏಳು ಅಂಗಡಿ ಹತ್ತಿಳಿದ ಮೇಲೆ ಸಿಕ್ಕಿತು
ಬಿಸಿಲಿಗೆ ಹಿಡಿದರೆ ಕಣ್ಣು ಚುಚ್ಚುವ ಥಾನು.

"ಜೇಬು ಇಲ್ಲಿ ಬೇಕು ಆಂಟಿ. ಎರಡನೇ ಚೆಂಡಿಗೆ."
ಮೊದಲ ಸರ್ವು ತಪ್ಪಿದರೆ ತಟ್ಟನೆ ಕೈಗೆ ಸಿಗಬೇಕು,
ಓಡುವಾಗ ತೊಡೆಗೆ ಬಡಿಯಬಾರದು.
ಮೂವತ್ತು ವರ್ಷದಲ್ಲಿ ಚಿಲ್ಲರೆಗೆ ಜೇಬಿಟ್ಟಿದ್ದೇನೆ,
ಬೀಡಿಗೆ, ಬಸ್‌ ಪಾಸಿಗೆ, ಹೆಂಡತಿಗೆ ಕಾಣದ ನೋಟಿಗೆ.
ತಪ್ಪಿದ ಮೇಲಿನ ಅವಕಾಶಕ್ಕೊಂದು ಜೇಬು
ಯಾರೂ ಕೇಳಿರಲಿಲ್ಲ.

ಅವಳು ಕಲಿತದ್ದು ಸಿಮೆಂಟಿನ ಮೇಲೆ.
ಹೊರಡುವ ಮುಂಚೆ ಹದಿನೈದು ದಿನ
ನವಿಲೆಯ ಕ್ರಿಕೆಟ್ ಮೈದಾನದ ಅಂಚಿನಲ್ಲಿ,
ಹುಲ್ಲು ಕತ್ತರಿಸುವ ಗಿಡ್ಡಪ್ಪನ ಕೈಕಾಲು ಹಿಡಿದು,
ಆರರಿಂದ ಏಳು ಗಂಟೆಯವರೆಗೆ.
ಬಲೆಗೆಂದು ಎರಡು ಗಳದ ನಡುವೆ ನನ್ನ ಲೈನಿಂಗ್ ಬಟ್ಟೆ.
"ಹುಲ್ಲಲ್ಲಿ ಚೆಂಡು ಏಳೋದೇ ಇಲ್ಲ, ಜಾರುತ್ತೆ,
ನಾವೇ ಬಗ್ಗಬೇಕು" ಅಂದಳು.
ನೆರಿಗೆ ಒಂದು ಹೆಚ್ಚು ಕೊಟ್ಟೆ.

ಆಟದ ದಿನ ಡಿಪೋದಿಂದ ಗ್ರೀಸು ಕೈಯಲ್ಲೇ ಬಂದ
ಅವಳಪ್ಪ ಚೌಡಪ್ಪ, ಬಟ್ಟೆ ಮುಟ್ಟದ ಹಾಗೆ
ಸ್ಟೂಲಿನ ತುದಿಯಲ್ಲಿ ಕೂತ.
ಹದಿನೇಳನೇ ಕೋರ್ಟಿಗೆ ಕ್ಯಾಮೆರಾ ಇಲ್ಲ,
ಫೋನಿನಲ್ಲಿ ಬರೀ ಅಂಕಿ.
ಹದಿನೈದು, ಮೂವತ್ತು, ಆಮೇಲೆ ನಲವತ್ತೈದಾಗದೆ ನಲವತ್ತು.
ಯಾವ ಟೇಪಿನ ಲೆಕ್ಕವೋ ದೇವರೇ ಬಲ್ಲ.
ಅಂಕಿ ಕದಲದೆ ನಿಂತರೆ ಮಾತ್ರ ನನಗೆ ಅರ್ಥವಾಗುತ್ತಿತ್ತು:
ಮೊದಲನೆಯದು ತಪ್ಪಿದೆ,
ಈಗ ಕೈ ಜೇಬಿಗೆ ಹೋಗಿದೆ,
ಇಗೋ, ಚೆಂಡು ಬಂತು.

ಮೊದಲ ಸೆಟ್ಟು ನಮ್ಮದು. ಎರಡನೆಯದು ಅವರದು.
ಕಾಫಿ ತಣ್ಣಗಾಗಿ ಕೆನೆ ಕಟ್ಟಿತು.
ಮೂರನೆಯದರಲ್ಲಿ ಐದು, ಆರು.
ಆಗ ಅಂಕಿ ನಿಂತಿತು, ಬಹಳ ಹೊತ್ತು.
ನೆಟ್‌ವರ್ಕು ಅಂದ ಚೌಡಪ್ಪ.
ಆಮೇಲೆ, ಓದಲು ಬಾರದ ಯಾರದೋ ಹೆಸರಿನ ಪಕ್ಕ
ಸಣ್ಣದೊಂದು ಟಿಕ್ಕು ಮಾರ್ಕು.
"ಎರಡೇ ಕಣಮ್ಮ, ಐದಕ್ಕೆ ಏಳು, ಎರಡೇ"
ಅಂದು ಎರಡು ಕಪ್ಪು ಬೆರಳು ತೋರಿಸಿ
ಚಪ್ಪಲಿ ಹುಡುಕಿದ, ಕಾಲಲ್ಲೇ ಇದ್ದುದನ್ನು.

ತಿಂಗಳಾದ ಮೇಲೆ ಬಂದಳು,
ಪ್ಲಾಸ್ಟಿಕ್ ಕವರಿನಲ್ಲಿ ಸ್ಕರ್ಟು.
ಎಡಸೊಂಟಕ್ಕೆ ಅಂಗೈಯಗಲ ಹಸಿರು.
ಆ ದೇಶದ ಹುಲ್ಲಲ್ಲವೇ,
ಇಟ್ಟುಕೊಳ್ಳುತ್ತಾಳೇನೋ ಅಂದುಕೊಂಡೆ.
"ಇದು ಹೋಗಬೇಕು ಆಂಟಿ, ಮುಂದಿನ ಸಲವೂ ಬಿಳೀನೇ."
ನಿಂಬೆ, ಉಪ್ಪು, ಎರಡು ದಿನದ ಬಿಸಿಲು ಅಂದೆ.
ಮತ್ತೆ ಟೇಪು ಹಿಡಿದೆ. ಬೆಳೆದಿದ್ದಾಳೆ.
ಬೆಳೆಯುವ ಮಕ್ಕಳಿಗೆ ಒಳಮಡಿಕೆಯಲ್ಲಿ
ಎರಡು ಬೆರಳು ಬಿಟ್ಟೇ ಹೊಲಿಯುವುದು ನಮ್ಮ ಕಸುಬು.

ಅವಳು ಹೋದ ಮೇಲೆ ಒಳಮಗ್ಗುಲು ಮಾಡಿ ನೋಡಿದೆ.
ಜೇಬಿನ ಮೂಲೆಯಲ್ಲಿ ಮೂರು ಹೊಲಿಗೆ ಕಿತ್ತಿದ್ದವು,
ಯಾರೋ ಒಳಗಿನದನ್ನು ಅವಸರದಲ್ಲಿ ಎಳೆದ ಹಾಗೆ.
ಅವಳು ಹೇಳಲಿಲ್ಲ.
ನಾನೂ ಕೇಳುವುದಿಲ್ಲ.

ಮಡಿಕೆ ಬಿಚ್ಚಿದರೆ ಒಳಗಿನ ಬಿಳಿ ಇನ್ನೊಂದೇ ಬಿಳಿ.
ಜೇಬಿನ ಬಾಯಿ ಅರ್ಧ ಇಂಚು ಅಗಲ ಮಾಡಿ
ಎರಡೆಳೆ ದಾರದಲ್ಲಿ ಬಿಗಿದೆ.
ಬಿಲ್ಲಿನಲ್ಲಿ ಬರೆದದ್ದು
ಉದ್ದ ಬಿಟ್ಟದ್ದಕ್ಕೆ ಮಾತ್ರ,
ಅರವತ್ತು ರೂಪಾಯಿ.