ಅರವತ್ತೊಂದು ದಿನ

ಬೈತಖೋಲ ಬಂದರಿನಲ್ಲಿ ನನ್ನದು ಎಂಜಿನ್ ರಿಪೇರಿ.
ನೌಕಾನೆಲೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟರೂ
ನನ್ನನ್ನೇ ಕರೆಯುತ್ತಿದ್ದರು.
ಹಾಗೆ ಒಂದು ಭಾನುವಾರ ಜೊತೆಗೆ ಬಂದಿದ್ದಳು ಸಾಯಲಿ,
ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ.
ಯಾರೋ ಸಾಹೇಬರು ತುಂಡು ಮಾಡಿದ ಕೋಲೊಂದು ಕೊಟ್ಟರು.
ಅವಳು ಹೊಡೆದ ಚೆಂಡು ಎಲ್ಲಿ ಬಿತ್ತೋ ನಾನು ನೋಡಲಿಲ್ಲ,
ಅವಳು ನಕ್ಕದ್ದು ನೋಡಿದೆ.

ಆಮೇಲೆ ನೋಡತೊಡಗಿದೆ, ಚೆಂಡನ್ನು.

ಗ್ರೀಸು ಹತ್ತಿದ ಡೈರಿಯಲ್ಲಿ ಬರೆದಿಟ್ಟಿದ್ದೇನೆ ಎಲ್ಲ:
ಮೈಸೂರು, ಎಂಬತ್ತೊಂಬತ್ತು. ಪುಣೆ, ತೊಂಬತ್ತೆರಡು, ಗಾಳಿ ಇತ್ತು.
ಬೆಂಗಳೂರು, ಎಂಬತ್ನಾಲ್ಕು. ಮತ್ತೆ ಬೆಂಗಳೂರು.
ಕೊಯಮತ್ತೂರು, ಊಟಿ, ಮತ್ತೆ ಮೈಸೂರು.
ಹತ್ತು ತಿಂಗಳಲ್ಲಿ ಹದಿನಾಲ್ಕು ಪಂದ್ಯ.
ಹದಿಮೂರು ವರ್ಷದ ಹುಡುಗಿ
ಶಿರವಾಡ ಸ್ಟೇಷನ್ನಿನ ಬೆಂಚಿನಲ್ಲಿ
ಗಣಿತದ ಲೆಕ್ಕ ಬಿಡಿಸುತ್ತ ನಿದ್ದೆಹೋಗುವಳು
ಚೀಲದ ಮೇಲೆ ತಲೆಯಿಟ್ಟು, ಅಂದರೆ ಕಬ್ಬಿಣದ ಮೇಲೆ.

ಫೆಬ್ರವರಿಯಲ್ಲಿ ಹೊಟ್ಟೆನೋವು ಶುರುವಾಯಿತು.
ಡಾಕ್ಟರು ಸ್ಕ್ಯಾನ್ ಮಾಡಿ ಏನೂ ಇಲ್ಲ ಅಂದರು.
ಏನೂ ಇಲ್ಲ ಅಂದಮೇಲೆ ಟಿಕೆಟ್ ತೆಗೆದೆ.
ಟಿಕೆಟ್ ತೆಗೆದ ದಿನವೇ ಯಾಕೆ ನೋಯುತ್ತದೆ,
ಅವಳನ್ನ ಕೇಳಿದ್ದೀರಾ, ಅಂದಳು ಉಜ್ವಲಾ.
ಕೇಳಿರಲಿಲ್ಲ.
ಕೇಳಿದ್ದು ಕೋಚನ್ನು, ಪಟ್ಟಿಂಗ್ ಬಗ್ಗೆ.

ಮೇ ತಿಂಗಳು, ಬೆಳಗಾವಿ, ಹದಿನೆಂಟನೆಯ ಗುಂಡಿ.
ಕಣ್ಣು ಮುಚ್ಚಿ ಹಾಕಬಹುದಾದ ಎರಡಡಿ.
ನಿಂತಳು. ನಿಂತೇ ಇದ್ದಳು.
ಜೊತೆಯ ಹುಡುಗಿ ಗ್ಲೌಸು ಬಿಚ್ಚಿ ಮತ್ತೆ ಹಾಕಿಕೊಂಡಳು.
ಕೊನೆಗೆ ಬಗ್ಗಿ,
ಅಂಗಳದಲ್ಲಿ ಉದುರಿದ ಮುರುಗಲ ಹಣ್ಣು ಹೆಕ್ಕುವ ಹಾಗೆ
ಚೆಂಡು ಹೆಕ್ಕಿ ಕಿಸೆಗೆ ಹಾಕಿಕೊಂಡಳು.
ಕಾರ್ಡಿನಲ್ಲಿ ಒಂದೇ ಒಂದು ಚೌಕ ಖಾಲಿ.

ನಾನು ಬೈಯಲಿಲ್ಲ.
ಬಸ್ಸು ರಾಮನಗರ ದಾಟಿ, ಜೋಯಿಡಾ ದಾಟಿ,
ಕದ್ರಾದ ತಿರುವು ಇಳಿಯುವ ತನಕ
ಒಂದು ಮಾತೂ ಆಡಲಿಲ್ಲ.
ಬೈದಿದ್ದರೆ ಅದಕ್ಕಿಂತ ಮೇಲಿತ್ತು.

ಜೂನ್ ಒಂದಕ್ಕೆ ಬೋಟುಗಳೆಲ್ಲ ದಡಕ್ಕೆ ಬಂದವು.
ಪ್ರತಿ ವರ್ಷ ಬರುತ್ತವೆ, ಪ್ರತಿ ವರ್ಷ ನನಗೆ ಕೈತುಂಬ ಕೆಲಸ.
ಖೇಮು ತಾಂಡೇಲನ ಎಂಜಿನ್ ಬಿಚ್ಚಿದೆ.
ಪಿಸ್ಟನ್ನು ಸಿಲಿಂಡರ್ ಕಚ್ಚಿಕೊಂಡು ಕೂತಿದೆ,
ಸುತ್ತಿಗೆಗೂ ಬಗ್ಗದು.
"ಆಯಿಲ್ ಬದಲಿಸಲಿಲ್ವಾ?"
"ಮೀನು ಸಿಗ್ತಿತ್ತಲ್ಲ ಮಾರಾಯ, ನಿಲ್ಲಿಸೋದು ಹೇಗೆ?"
ಬೀಡಿ ಹಚ್ಚಿ ಅವನೇ ಅಂದ:
"ಸಮುದ್ರಕ್ಕೂ ಸರ್ಕಾರ ರಜಾ ಚೀಟಿ ಕೊಡ್ತದೆ ನೋಡು.
ಅರವತ್ತೊಂದು ದಿನ."
ಅಷ್ಟೇ. ನನ್ನ ಮಗಳ ವಿಷಯ ಅವನಿಗೆ ಗೊತ್ತೂ ಇಲ್ಲ.

ಆ ರಾತ್ರಿ ಮೂರು ಪಂದ್ಯಕ್ಕೆ ಬರುವುದಿಲ್ಲ ಎಂದು ಬರೆದು ಕಳಿಸಿದೆ.
ಕಟ್ಟಿದ ಫೀಸು ವಾಪಸ್ಸಿಲ್ಲ.
ಹೋಗಲಿ ಅಂದೆ ಉಜ್ವಲಾಗೆ, ದೊಡ್ಡ ಮನುಷ್ಯನ ಹಾಗೆ.
ಎರಡು ದಿನ ಒಳಗೊಳಗೇ ಉರಿಯುತ್ತಿತ್ತು.

ಎಂಟು ದಿನ ಅವಳು ಬರೀ ಮಲಗಿದಳು.
ಒಂಬತ್ತನೆಯ ದಿನ ಬಂಗಡೆ ಇಲ್ವಾ ಅಂದಳು.
ಬೋಟೇ ಬಂದ್, ಒಣ ಸಿಗಡಿ ಅಷ್ಟೆ, ಅಂದಳು ತಾಯಿ.
ಎರಡು ಸಲ ಬಡಿಸಿಕೊಂಡಳು.
ಎದುರುಮನೆಯ ಮೆಲಿಶಾಳ ಜೊತೆ ಶಟಲ್ ಆಡಿದಳು,
ಸೋತಳು, ಜಗಳವಾಡಿದಳು, ಮರುದಿನ ಮತ್ತೆ ಆಡಿದಳು.
ಹೊಟ್ಟೆಯ ಮಾತು ಯಾರೂ ಎತ್ತಲಿಲ್ಲ.

ಜುಲೈಯಲ್ಲಿ, ಮಳೆ ಬಿಟ್ಟ ಒಂದು ಅರ್ಧ ಗಂಟೆ,
ಶಟಲ್ ಕಾಕ್ ಹಂಚಿನ ಮೇಲೆ ಸಿಕ್ಕಿಕೊಂಡಿತು.
ಒಳಗೆ ಚೀಲದ ಜಿಪ್ ಎಳೆದ ಸದ್ದು,
ಎಷ್ಟೋ ದಿನದ ಮೇಲೆ.
ಏಳನೇ ಐರನ್ ಹಿಡಿದು ಬಂದು, ಎಟುಕಿಸಿ, ಕೆಡವಿದಳು.
ಕೋಲು ಕೈಯಲ್ಲೇ ಉಳಿಯಿತು.

ನಾನು ಬೆನ್ನು ಹಾಕಿ ಕಾರ್ಬ್ಯುರೇಟರ್ ತೊಳೆಯುತ್ತಿದ್ದೆ.
ಸುಯ್ಯ್. ಚೆಂಡಿಲ್ಲ, ಗುಂಡಿಯಿಲ್ಲ, ಬರೀ ಗಾಳಿ.
ಮತ್ತೆ ಸುಯ್ಯ್.
ಒದ್ದೆ ಹುಲ್ಲಿನ ಚೂರೊಂದು ಹಾರಿ ನನ್ನ ಕತ್ತಿಗೆ ಅಂಟಿತು.
ಮೂರರ ತನಕ ಎಣಿಸಿದೆ, ಸುಳ್ಳು ಯಾಕೆ ಹೇಳಲಿ.
ಆಮೇಲೆ ಅವಳು ನಕ್ಕದ್ದು ಕೇಳಿಸಿತು,
ಲೆಕ್ಕ ತಪ್ಪಿತು.