ಕಾಳು ಹೆಚ್ಚು, ಕಾಳು ಕಮ್ಮಿ

ಫುಜೈರಾದ ಗುಡ್ಡಗಳಿಗೆ ಮರವಿಲ್ಲ, ಮರೆಯಿಲ್ಲ.
ಅವುಗಳ ಬುಡದಲ್ಲೊಂದು ಪಿಸ್ತೂಲು ಕ್ಲಬ್ಬು,
ಕ್ಲಬ್ಬಿನ ಹಿಂದೆ ಎ.ಸಿ. ಗೊರಕೆ ಹೊಡೆಯುವ ಕೋಣೆ,
ಕೋಣೆಯೊಳಗೆ ನಾನು, ಕಾರ್ಕಳದ ವಾದಿರಾಜ ಆಚಾರಿ,
ಮುಂದೆ ಒಂದು ಬಕೀಟು ಹಿತ್ತಾಳೆ ಚಿಪ್ಪು.

ನಿನ್ನೆ ಸಂಜೆಯ ಸದ್ದೆಲ್ಲ ಮುಗಿದ ಮೇಲೆ
ಮರಳಿನಿಂದ ಹೆಕ್ಕಿ ತಂದದ್ದು.
ಬಾಯಿ ಸೀಳಿದ್ದು ಅತ್ತ.
ಹೊಟ್ಟೆ ಉಬ್ಬಿದ್ದು ಅತ್ತ.
ಉಳಿದದ್ದನ್ನು ಅಂಗೈಯಲ್ಲಿ ಕುಲುಕಿ ಕಿವಿಗೊಡುತ್ತೇನೆ;
ಕೂದಲೆಳೆ ಬಿರುಕಿದ್ದರೂ ಹಿತ್ತಾಳೆ ಕೆಮ್ಮುತ್ತದೆ.
ಷಹದಾದನಿಗೆ ಅದು ಕೇಳುವುದಿಲ್ಲ.
ನನಗೆ ಕೇಳುತ್ತದೆ.

ಶಾರ್ಜಾದ ಚಿನ್ನದಂಗಡಿಗೆ ಯಂತ್ರ ಬಂದ ವರ್ಷ
ನನ್ನ ಬೆರಳುಗಳಿಗೆ ರಜೆ ಸಿಕ್ಕಿತು.
ಈ ಕೋಣೆಯ ಯಜಮಾನ, ಬಲೂಚಿ ಷಹದಾದ್,
ಒಂದೇ ಒಂದು ಕೇಳಿದ: ಎಷ್ಟು ಸಣ್ಣದು ತೂಗಬಲ್ಲೆ?
ಗುಲಗಂಜಿ, ಅಂದೆ. ಅದರ ಅರ್ಧ. ಅರ್ಧದ ಅರ್ಧ.
ಇಲ್ಲಿ ಗ್ರೇನು, ಅಂದ. ಗ್ರೇನೆಂದರೆ ಕಾಳು.
ಸರಿ, ಇಬ್ಬರದೂ ಕಾಳೇ.
ಕೂತೆ.

ಕಪಾಟಿನಲ್ಲಿ ಮದ್ದಿನ ಡಬ್ಬಿಗಳು.
ಒಂದು ಗಸಗಸೆಯ ಹಾಗೆ ಉರುಳುತ್ತದೆ,
ಒಂದು ಅವಲಿನ ಪುಡಿಯ ಹಾಗೆ ತೂಗುವಾಗ ಸತಾಯಿಸುತ್ತದೆ.
ಆಗಸ್ಟಿನ ಬಿಸಿಲಿಗೆ ಸಿಡುಕುವುದು ಬೇಡ.
ಮೌಜಾಳ ಮಣಿಕಟ್ಟು ಸಪೂರ, ಒದೆತ ಕಮ್ಮಿ ಇರಲಿ,
ಆದರೆ ಪಿಸ್ತೂಲು ಮುಂದಿನದನ್ನು ತಾನೇ ನುಂಗುವಷ್ಟು
ಜೋರೂ ಇರಲಿ.
ನಮ್ಮ ಭಾಷೆಯಲ್ಲಿ ಕಾಯಿಲೆಗೆ ಕೊಡುವುದೂ ಮದ್ದು,
ಹಗೆಗೆ ಹಾಕುವುದೂ ಮದ್ದು,
ಕೋವಿಗೆ ತುಂಬುವುದೂ ಅದೇ.
ಷಹದಾದನಿಗೆ ಇದನ್ನು ವಿವರಿಸಲು ಅರ್ಧ ದಿನ ಹಿಡಿಯಿತು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ:
ಈ ಮಾತನ್ನು ಬೆನ್ನಿಗೆ ಹೊತ್ತೇ ಮೂವತ್ತು ವರ್ಷ ಚಿನ್ನ ತಟ್ಟಿದೆ.
ಕದಿಯಲಿಲ್ಲ; ನಂಬುವವರೂ ಇರಲಿಲ್ಲ.
ಇಲ್ಲಿ ಕದಿಯಿರಿ ನೋಡೋಣ.
ಕಾಳು ಕಮ್ಮಿಯಾದರೆ ಗುಂಡು ನಳಿಗೆಯಲ್ಲೇ ಕೂತುಬಿಡುತ್ತದೆ,
ಹಿಂದಿನಿಂದ ಬಂದದ್ದು ಅದಕ್ಕೆ ಹಣೆ ಗುದ್ದುತ್ತದೆ.
ಹೆಚ್ಚಾದರೆ?
ಕಾಗದಕ್ಕೆ ತೂತು ಹೊಡೆಯಲು ಇಷ್ಟೊಂದು ಹದವೇ, ಎಂದು
ಮೊದಲ ವಾರ ನಕ್ಕಿದ್ದೆ.
ಷಹದಾದ್ ಏನೂ ಹೇಳಲಿಲ್ಲ.
ಎಡಗೈ ಮೇಜಿನ ಮೇಲಿಟ್ಟ.
ತೋರುಬೆರಳು ಒಂದೇ ಗೆಣ್ಣಿಗೆ ಮುಗಿದಿತ್ತು.
ಒಂದಕ್ಕೇ ಎರಡು ಸಲ ಮದ್ದು ಬಿದ್ದಿತ್ತಂತೆ,
ಯಾರೋ ಚಹಾ ತಂದಾಗ.
ಅಂದಿನಿಂದ ಮೇಜಿನ ಹತ್ತಿರ ಚಹಾ ಇಲ್ಲ.

ಕರಿಮಣಿ ಪೋಣಿಸಿ ಕೊಟ್ಟಾಗ ಗೊತ್ತಿರುತ್ತಿತ್ತು
ಯಾವ ಮನೆ, ಯಾವ ಕೊರಳು.
ಇಲ್ಲಿ ಮೌಜಾ ಶುಕ್ರವಾರ ಕಾಗದ ತಂದು ಗೋಡೆಗೆ ಚುಚ್ಚುತ್ತಾಳೆ:
ಐದು ತೂತು, ಮೂರು ಒಂದಕ್ಕೊಂದು ತಾಗಿ.
ಆ ಎರಡು ನನ್ನ ತಪ್ಪು, ಎನ್ನುತ್ತಾಳೆ.
ನಾನು ರಾತ್ರಿಯಿಡೀ ಆ ಎರಡನ್ನೇ ತೂಗುತ್ತೇನೆ.

ಇವತ್ತು ಷಹದಾದ್ ಒಂದು ಚಿಪ್ಪು ಉರುಳಿಸಿದ.
ಆರು ಸಲ ತುಂಬಿ ಹಾರಿಸಿದ್ದು, ಬಣ್ಣ ಮಾಸಿದೆ.
ಇನ್ನೊಂದು ಸಲ ಬಂದೀತಾ, ಸೋನಾರ್?
ಬೆಳಕಿಗೆ ಹಿಡಿದೆ. ಬಾಯಿ ನೆಟ್ಟಗಿದೆ.
ಕಿವಿಯ ಹತ್ತಿರ ತಂದು ಕುಲುಕಿದೆ.
ಸಣ್ಣ ಕೆಮ್ಮು.
ಹಿತ್ತಾಳೆಯದೋ, ಹಿತ್ತಾಳೆ ದೂಳು ಕುಡಿದ ಎದೆಯದೋ
ತಿಳಿಯಲಿಲ್ಲ.
ತಾಳು ಮಾರಾಯ, ಅಂದೆ,
ಉಸಿರು ಹಿಡಿದು
ಇನ್ನೊಮ್ಮೆ ಕುಲುಕಿದೆ.